ಮಾವನ ಕಾರಿಗೆ ನಾನು ಹೊಸ ಸ್ಪ್ರಿಂಗ್ ಹಾಕಿದ್ದು

ಪುಣೆ ಹತ್ತಿರದ ಚಾಕಣದ ಒಂದು ಶಾಕ್ ಅಬ್ಸಾರ್ಬರ್ ಕಾರ್ಖಾನೆಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಈ ಒಂದು ವಾಕ್ಯವನ್ನು ಎಲ್ಲಿ ಹೇಳಿದರೂ ಜನ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಗೌರವದಿಂದ ತಲೆಯಾಡಿಸಿ, “ಹಂಗಾದ್ರ ನಮ್ಮ ಗಾಡಿ ಗಡಗಡ ಅಂತದಲ್ಲ, ಅದ್ಯಾಕ್ರಿ?” ಎನ್ನುತ್ತಾರೆ. ನಾನು ಸ್ವಲ್ಪ ಹೊತ್ತು ಆಕಾಶ ನೋಡಿ, “ಬುಶ್ ಹೋಗಿರಬೇಕ್ರಿ” ಎನ್ನುತ್ತೇನೆ. ಗಡಗಡ ಎನ್ನುವ ಗಾಡಿಯಲ್ಲಿ ಯಾವುದಾದರೊಂದು ಕೀಲಿನ ರಬ್ಬರ್ ಬುಶ್ ಹೋಗಿಯೇ ಇರುತ್ತದೆ. ಹೀಗಾಗಿ ಇಂದಿನವರೆಗೆ ನನ್ನ ಮಾತು ಸುಳ್ಳಾಗಿಲ್ಲ.

ಯಾರೂ ಕೇಳದ ಆ ಮುಂದಿನ ಪ್ರಶ್ನೆಗೆ ಉತ್ತರ ಹೀಗಿದೆ: ನಾನಿರುವುದು ಡಿಸ್ಪ್ಯಾಚ್ ವಿಭಾಗದಲ್ಲಿ. ತಯಾರಾದ ಮಾಲು ಪೆಟ್ಟಿಗೆಯೊಳಗೆ ಕೂತು, ಮೈತುಂಬ ಟೇಪು ಸುತ್ತಿಸಿಕೊಂಡು ನನ್ನ ಮುಂದೆ ಬರುತ್ತದೆ. ಮೇಲ್ಮುಖದ ಬಾಣವಿರುವ ಕೆಂಪು ಚೀಟಿ ಅದರ ಮೇಲೆ ಸರಿಯಾಗಿ ಅಂಟಿದೆಯೇ ಎಂದು ನೋಡುವುದು, ಅಂಟಿರದಿದ್ದರೆ ಅಂಟಿಸುವುದು ನನ್ನ ಜವಾಬ್ದಾರಿ. ಪೆಟ್ಟಿಗೆಯ ಒಳಗೆ ಏನಿದೆ ಎಂದು ಕಣ್ಣಾರೆ ನೋಡುವ ಪ್ರಸಂಗ ಇಷ್ಟು ವರ್ಷಗಳಲ್ಲಿ ಎರಡೇ ಸಲ ಬಂದಿತ್ತು. ಎರಡೂ ಸಲ ಪೆಟ್ಟಿಗೆ ನನ್ನ ಕೈಯಿಂದಲೇ ಬಿದ್ದು ಒಡೆದಿತ್ತು.

ಈ ವಿವರಗಳನ್ನು ಮನೆಯಲ್ಲಿ ಹೇಳಿರಲಿಲ್ಲ. ಹೆಣ್ಣು ನೋಡಲು ಹೋದ ದಿನ ನಮ್ಮ ಸೋದರಮಾವ, “ಹುಡುಗ ಕಂಪನ್ಯಾಗ ಒಂದ್ ರೀತಿ ಇಂಜಿನಿಯರ್ ಇದ್ದಂಗರಿ” ಎಂದಿದ್ದ. ‘ಒಂದ್ ರೀತಿ’ ಮತ್ತು ‘ಇದ್ದಂಗ’ ಮಾತುಗಳು ವರ್ಷ ಕಳೆದ ಹಾಗೆ ಸವೆದುಹೋಗಿ, ನಡುವಿನ ಇಂಜಿನಿಯರ್ ಮಾತ್ರ ಉಳಿದುಕೊಂಡ. ಅವನನ್ನು ಹೊರಗೆ ಹಾಕುವ ಧೈರ್ಯ ನನಗಾಗಲಿಲ್ಲ.

ಇನ್ನು ಕಾರಿನ ಮಾತು. ಅದು ನನ್ನ ಮಾವನದು, ಅಂದರೆ ಹೆಂಡತಿಯ ತಂದೆಯದು. ಮಾವ ಖಡಕಿಯ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ಬಿಬವೇವಾಡಿಯ ನಮ್ಮ ಫ್ಲ್ಯಾಟಿಗೆ ಬಂದರು. ಅವರ ಹಿಂದೆಯೇ ಅವರ ಕಾರೂ ಬಂದು ಕೆಳಗೆ ಪಾರ್ಕಿಂಗಿನಲ್ಲಿ ನಿಂತಿತು. ಬೆಣ್ಣೆ ಬಣ್ಣದ, ದುಂಡು ಮೂತಿಯ, ನನಗಿಂತ ಎರಡು ವರ್ಷ ಹಿರಿಯ ಕಾರು. ನನ್ನ ಹೆಂಡತಿ ಸುಮಿತ್ರಾ ಗಾಡಿ ಓಡಿಸಲು ಕಲಿತದ್ದು ಅದರಲ್ಲಿ. ಅತ್ತೆ ಕೊನೆಯ ಸಲ ಆಸ್ಪತ್ರೆಯಿಂದ ಮನೆಗೆ ಬಂದದ್ದೂ ಅದರಲ್ಲೇ. ಆ ಮಾತನ್ನು ಸುಮಿತ್ರಾ ಎತ್ತುವುದಿಲ್ಲ. ಆದರೆ ಮುಂದಿನ ಎಡಗಡೆಯ ಸೀಟಿನ ಮೇಲೆ ಅತ್ತೆ ಹೆಣೆದ ಉಣ್ಣೆಯ ಹಾಸು ಇನ್ನೂ ಇದೆ. ಅದನ್ನು ಅವಳು ತಿಂಗಳಿಗೊಮ್ಮೆ ಒಗೆದು ಒಣಗಿಸಿ ಮತ್ತೆ ಅಲ್ಲೇ ಹಾಸುತ್ತಾಳೆ.

ಪ್ರತಿ ಶನಿವಾರ ಮಗಳು ಗಾಡಿ ಓಡಿಸಬೇಕು, ಅಪ್ಪ ಪಕ್ಕದಲ್ಲಿ ಕೂತು ಖಡಕಿಯ ಹಳೆಯ ಓಣಿಗೆ ಹೋಗಿ ಚಹಾ ಕುಡಿದು ಬರಬೇಕು. ಇದು ಅವರಿಬ್ಬರ ಪದ್ಧತಿ. ನಾನು ಕಂಪನಿಯ ಬಸ್ಸಿನವನು, ಈ ಕಾರಿಗೂ ನನಗೂ ದೂರದ ನಮಸ್ಕಾರದ ಸಂಬಂಧ.

ಹೀಗಿರುವಾಗ ಒಂದು ರವಿವಾರ ಬೆಳಿಗ್ಗೆ ಮಾವ ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು ಊಟದ ಕೋಣೆಗೆ ಬಂದರು.

“ಸುಮೀ, ಇನ್ನ ಆಗೂದಿಲ್ಲವ್ವಾ. ಹೋಳಿ ಆದಮ್ಯಾಲೆ ಈ ಗಾಡಿಗೆ ಏನಾಗೇದೋ. ಒಂದೊಂದು ತಗ್ಗಿಗೂ ಧಡ್ ಅಂತ ಕೆಳಗ ಬಡೀತದ. ನನ್ನ ಬೆನ್ನು ತಾಳೂದಿಲ್ಲ. ಲೋಣಾವಳದ ಕಡೆ ಒಬ್ಬ ರಿಸಾರ್ಟಿನಾಂವ ಕೇಳ್ಳಿಕತ್ತಾನ. ಬರೂ ರವಿವಾರ ಬಂದು ತಗೊಂಡು ಹೋಗ್ತಾನಂತ.”

“ಅಂವಗ ಯಾಕ್ ಬೇಕಪ್ಪಾ ಇದು?” ಎಂದಳು ಸುಮಿತ್ರಾ.

“ಬಾಗಲದಾಗ ನಿಂದ್ರಸ್ತಾನಂತ. ಬಾನೆಟ್ ತಗದು, ಮಣ್ಣು ತುಂಬಿ, ಹೂವಿನ ಗಿಡ ಹಚ್ಚತಾನಂತ.”

ಸುಮಿತ್ರಾ ಎದ್ದು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಆ ದಿನ ರೊಟ್ಟಿ ಬಡಿದ ಸದ್ದು ಕೆಳಗಿನ ಮಾಳಿಗೆಯವರಿಗೂ ಕೇಳಿಸಿತಂತೆ. ಅವಳ ಬೆನ್ನು ನನ್ನ ಕಡೆಗಿತ್ತು, ಆದರೂ ಅವಳು ಅಳುತ್ತಿದ್ದಾಳೆಂದು ನನಗೆ ಗೊತ್ತಾಯಿತು. ನನಗೆ ತಡೆಯಲಾಗಲಿಲ್ಲ. ಆವೇಶ ಬಂದವನಂತೆ ಬಾಯಿಬಿಟ್ಟೆ.

“ಮಾವಾರ, ಗಾಡಿ ಕೊಡೂ ಮಾತು ಯಾಕ್ರಿ? ಸಸ್ಪೆನ್ಷನ್ ಪೂರಾ ಹೊಸಾದು ಹಾಕೋಣು. ನಾ ಅದೀನಲ್ಲ.”

ಅಡುಗೆಮನೆಯಲ್ಲಿ ರೊಟ್ಟಿಯ ಸದ್ದು ನಿಂತಿತು. ಸುಮಿತ್ರಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, “ನೀವು?” ಎಂದಳು. ಅವಳ ದನಿಯಲ್ಲಿದ್ದದ್ದು ಮೆಚ್ಚುಗೆ ಎಂದು ನಾನು ತಿಳಿದುಕೊಂಡೆ.

ಮಾವ ಮೂವತ್ತೈದು ವರ್ಷ ಕಡತ ನೋಡಿದವರು, ಷರತ್ತಿಲ್ಲದೆ ಯಾವುದಕ್ಕೂ ಒಪ್ಪುವವರಲ್ಲ. “ಆತು, ಮಾಡ್ರಿ ಅಳಿಯಂದಿರ. ಶನಿವಾರ ಖಡಕಿಗೆ ಹೋಗಿ ಬರೂಣು. ಬೆನ್ನಿಗೆ ಬೀಳೂ ಹೊಡೆತ ನಾ ಎಣಸ್ತೀನಿ. ಹತ್ತರ ಒಳಗ ಇದ್ರ ಗಾಡಿ ಮನ್ಯಾಗ ಇರತದ. ಹನ್ನೊಂದಾತು ಅಂದ್ರ, ರವಿವಾರ ಹೂವಿನ ಗಿಡ.”

ಸೋಮವಾರದಿಂದ ಒಂದು ವಾರ ರಜೆ ಹಾಕಿದೆ. ಕಾರಣದ ಜಾಗದಲ್ಲಿ ‘ತಾಂತ್ರಿಕ ಕೆಲಸ’ ಎಂದು ಬರೆದೆ. ಡಿಸ್ಪ್ಯಾಚಿನವರು ಅದನ್ನು ಎರಡು ಸಲ ಓದಿದರಂತೆ.

ಮೊದಲನೆಯದು ತಪಾಸಣೆ. ಒಂದು ಅಳತೆ ಟೇಪು, ಒಂದು ನೋಟುಬುಕ್ಕು, ಕಿವಿಯ ಮೇಲೆ ಪೆನ್ಸಿಲ್ಲು. ಕಾರಿನ ಸುತ್ತ ಮೂರು ಸುತ್ತು ಹಾಕಿದೆ. ನಾಲ್ಕನೆಯ ಸುತ್ತಿಗೆ ಸತ್ಯ ಹೊಳೆಯಿತು: ಕಾರಿನ ಹಿಂಭಾಗ ಮುಂಭಾಗಕ್ಕಿಂತ ಪೂರಾ ನಾಲ್ಕು ಬೆರಳು ಕುಸಿದಿತ್ತು! ಹಿಂದಿನ ಗಾಲಿಗಳು ಮಡ್‌ಗಾರ್ಡಿನ ಒಳಗೆ ಹೋಗಿ ಕೂತಿದ್ದವು. ಹಳೆಯ ಉಕ್ಕು, ಜೀವ ಹೋಗಿದೆ ಎಂದು ನೋಟುಬುಕ್ಕಿನಲ್ಲಿ ಬರೆದು ಅಡಿಗೆರೆ ಎಳೆದೆ.

ಡಿಕ್ಕಿಯನ್ನೂ ಒಮ್ಮೆ ನೋಡೋಣವೆಂದು ಮೇಲೆ ಮುಖಮಾಡಿ ಕೀಲಿ ಕೇಳಿದೆ. ಸುಮಿತ್ರಾ ಬಾಲ್ಕನಿಯಿಂದ ಬಗ್ಗಿ ನೋಡಿದಳು.

“ಡಿಕ್ಕಿ ಯಾಕ್ರಿ? ಸ್ಪ್ರಿಂಗ್ ಇರೂದು ಕೆಳಗಲ್ಲ? ಡಿಕ್ಕ್ಯಾಗ ನಂದು ಸಾಮಾನದ, ಅದನ್ನ ಮುಟ್ಟಬ್ಯಾಡ್ರಿ.”

ಹೆಂಡತಿಯ ಸಾಮಾನು ಎಂದ ಮೇಲೆ ಮುಂದೆ ಪ್ರಶ್ನೆಯಿಲ್ಲ. ನಾಲ್ಕು ಹಳೆಯ ಸೀರೆ, ಎರಡು ಸ್ಟೀಲು ಡಬ್ಬಿ ಇದ್ದೀತು ಎಂದುಕೊಂಡೆ. ಇಪ್ಪತ್ತೆರಡು ವರ್ಷ ಪೆಟ್ಟಿಗೆಯ ಒಳಗೆ ಏನಿದೆ ಎಂದು ಕೇಳದೆಯೇ ಅನ್ನ ತಿಂದವನಿಗೆ ಈ ಡಿಕ್ಕಿಯ ಒಳಗೆ ಏನಿದೆ ಎಂದು ಕೇಳುವುದು ಹೊಳೆಯಲೂ ಇಲ್ಲ.

ಸಾಮಾನು ತರಲು ಹಳೆಯ ಬಿಡಿಭಾಗಗಳ ಒಂದು ಅಂಗಡಿಗೆ ಹೋದೆ. ಹಿಂದಿನ ಗಾಲಿಗೆ ಇರುವುದು ಪಾಟಾ ಸ್ಪ್ರಿಂಗು, ಅಂದರೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಬಿಗಿದ ಕಟ್ಟು. ಇಷ್ಟನ್ನು ನಾನು ಹಿಂದಿನ ದಿನ ಮೊಬೈಲಿನಲ್ಲಿ ನೋಡಿ ಬಾಯಿಪಾಠ ಮಾಡಿಕೊಂಡಿದ್ದೆ. ಅಂಗಡಿಯ ಮುದುಕ ನನ್ನ ನೋಟುಬುಕ್ಕನ್ನು ಕನ್ನಡಕದ ಕೆಳಗಿನಿಂದ ನೋಡಿದ.

“ಗಾಡೀ ರಿಕಾಮೀ ಕರೂನ್ ಮೋಜಲೀ ನಾ?” ಗಾಡಿ ಖಾಲಿ ಮಾಡಿಯೇ ಅಳೆದಿರಲ್ಲ ಎಂಬುದು ಅವನ ಪ್ರಶ್ನೆ.

“ಏಕದಮ್ ರಿಕಾಮೀ,” ಎಂದೆ.

“ಲೋಡ್ ಕಾಯ್ ಅಸತೋ?”

“ಲೋಡ್ ನಾಹೀ. ಫಕ್ತ ಸಾಸರೇ.” ಲೋಡೇನಿಲ್ಲ, ಮಾವ ಮಾತ್ರ.

ಖಾಲಿ ಗಾಡಿ ನಾಲ್ಕು ಬೆರಳು ಕುಸಿದಿದೆ, ಅದರ ಮೇಲೆ ಮಾವ ಬೇರೆ. ಮುದುಕ ನನ್ನ ಮಾವನ ಗಾತ್ರವನ್ನು ಮನಸ್ಸಿನಲ್ಲೇ ಕಲ್ಪಿಸಿಕೊಂಡು ನಿಟ್ಟುಸಿರು ಬಿಟ್ಟ. ನಮ್ಮ ಮಾವ ತೂಗುವುದು ಐವತ್ತೆರಡು ಕಿಲೋ. ಅವನು ಸಾಧಾರಣ ಪಾಟಾ ತೋರಿಸಿದರೆ ನಾನು ಬೇಡವೆಂದೆ. ಒಂದು ಪಟ್ಟಿ ಹೆಚ್ಚಿಗೆ ಇರುವ, ದಪ್ಪ, ಭಾರದ ಗಾಡಿಗೆ ಹಾಕುವಂಥದ್ದೇ ಬೇಕೆಂದು ಹಟಹಿಡಿದು ತಂದೆ. ಮುಂದಿನ ಗಾಲಿಗೆ ಎರಡು ಹೊಸ ಶಾಕಪ್ ಕೂಡ ತಂದೆ. ಶಾಕ್ ಅಬ್ಸಾರ್ಬರಿಗೆ ಮೆಕ್ಯಾನಿಕ್ ಜನ ಶಾಕಪ್ ಎನ್ನುತ್ತಾರೆ ಎಂದು ತಿಳಿದದ್ದೂ ಅದೇ ಅಂಗಡಿಯಲ್ಲಿ.

ಮಂಗಳವಾರ ಕಾರ್ಯಾರಂಭ. ನಮ್ಮ ಪಾರ್ಕಿಂಗಿನ ಎದುರು ನೆಲಮಹಡಿಯ ಮನೆ ಜಾಧವ ಕಾಕಾ ಅವರದು. ಎಪ್ಪತ್ತು ದಾಟಿದ ಮರಾಠಿ ಗೃಹಸ್ಥರು. ದಿನವಿಡೀ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂಡುತ್ತಾರೆ. ಅವರು ಏನು ಕೆಲಸ ಮಾಡಿ ನಿವೃತ್ತರಾದರೆಂದು ಹನ್ನೊಂದು ವರ್ಷದಲ್ಲಿ ನಾನು ಕೇಳಿರಲಿಲ್ಲ. ಕೆಲಸದ ಸದ್ದಿಗೆ ಅವರು ಕುರ್ಚಿಯನ್ನು ನಾಲ್ಕು ಮಾರು ಮುಂದೆ ತಂದು ಹಾಕಿಕೊಂಡರು.

ಜ್ಯಾಕ್ ಹಚ್ಚಿ ಹಿಂಭಾಗ ಎತ್ತಲು ಹೋದರೆ ಕಾರು ಏಳಲೊಲ್ಲದು. ಮೈಯೆಲ್ಲ ಬೆವರಾಯಿತು. ಸುಧಾರಿಸಿಕೊಳ್ಳುತ್ತ ಜಾಧವ ಕಾಕಾ ಅವರಿಗೆ ಹೇಳಿದೆ: ಆಗಿನ ಕಾಲದ ಲೋಹ ನೋಡಿ, ಎಂಥ ತೂಕ! ಅವರು ಕಾರಿನ ಡಿಕ್ಕಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು, “ಹೋ, ಹೋ” ಎಂದರು, ಅಂದರೆ ಹೌದು ಹೌದು.

ಎತ್ತಿದ ಕಾರನ್ನು ಹಾಗೇ ನಿಲ್ಲಿಸಲು ಏನಾದರೂ ಬೇಕಲ್ಲ. ಇಟ್ಟಿಗೆ ಜೋಡಿಸಿ, ಮೇಲೆ ಮೆತ್ತಗಿರಲೆಂದು ಮನೆಯಿಂದ ಒಂದು ಮಣೆ ತಂದಿಟ್ಟೆ. ಜ್ಯಾಕ್ ಇಳಿಸಿದ ಕೂಡಲೇ ಲಟ್ ಎಂದು ಸದ್ದಾಗಿ ಮಣೆ ಎರಡು ಹೋಳಾಯಿತು. ಪುಣ್ಯಕ್ಕೆ ನಾನಿನ್ನೂ ಕೆಳಗೆ ನುಸುಳಿರಲಿಲ್ಲ. ಸದ್ದಿಗೆ ಓಡಿಬಂದ ಸುಮಿತ್ರಾ ಮೊದಲು ನನ್ನ ಕೈಕಾಲು ಎಣಿಸಿದಳು. ಎಲ್ಲ ಸರಿಯಾಗಿವೆ ಎಂದು ಖಾತ್ರಿಯಾದ ಮೇಲೆ ಹೋಳುಗಳನ್ನು ನೋಡಿದಳು.

“ಇದು ಯಾವ ಮಣಿ ಗೊತ್ತೇನ್ರಿ?”

“ಯಾವುದು?”

“ಲಗ್ನದಾಗ ನೀವು ಕೂತದ್ದು. ನಮ್ಮವ್ವ ಕಾದಿಟ್ಟಿದ್ದಳು.”

ಮದುವೆಯ ದಿನ ನನ್ನನ್ನು ಹೊತ್ತ ಮಣೆ ನನ್ನ ಇಂಜಿನಿಯರಿಂಗನ್ನು ಹೊರಲಾರದೆ ಹೋಯಿತು. ಜಾಧವ ಕಾಕಾ ಒಳಗೆ ಹೋಗಿ, ಗ್ಯಾರೇಜಿನವರು ಬಳಸುವಂಥ ಎರಡು ಕಬ್ಬಿಣದ ಸ್ಟ್ಯಾಂಡು ತಂದು ಕೊಟ್ಟು, ಮತ್ತೆ ಹೋಗಿ ಕುರ್ಚಿಯಲ್ಲಿ ಕೂತರು. ಇಂಥ ಸ್ಟ್ಯಾಂಡು ಇವರ ಮನೆಯಲ್ಲಿ ಏಕಿದೆ ಎಂದು ಕೂಡ ನಾನು ಕೇಳಲಿಲ್ಲ.

ಮುಂದಿನ ಎರಡು ದಿನದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ನನ್ನ ಗೌರವಕ್ಕೆ ಪೂರಕವಾದದ್ದು ಏನೂ ಇಲ್ಲ. ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಡಬೇಕೆಂದು ತಿಳಿದು ಅಡುಗೆಮನೆಯ ಶೇಂಗಾ ಎಣ್ಣೆ ಬಿಟ್ಟೆ. ನಟ್ಟು ಬಿಚ್ಚಲಿಲ್ಲ, ಇರುವೆ ಬಂದವು. ನಟ್ಟು ತಿರುಗಿಸುವ ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ಎಳೆದರೆ ಪೈಪು ಜಾರಿ ನಾನು ಜಾಧವ ಕಾಕಾ ಅವರ ಕಾಲ ಬುಡದಲ್ಲಿ ಹೋಗಿ ಬಿದ್ದೆ. ಅವರು ಆಶೀರ್ವಾದ ಮಾಡುವವರಂತೆ ಕೈ ಎತ್ತಿ, “ಉಲಟಾ ಫಿರವಾ” ಎಂದರು. ಎರಡು ತಾಸಿನಿಂದ ನಾನು ನಟ್ಟನ್ನು ಬಿಗಿಯುವ ದಿಕ್ಕಿಗೇ ತಿರುಗಿಸುತ್ತಿದ್ದೆ.

ಅಂತೂ ಗುರುವಾರ ಸಂಜೆಯ ಹೊತ್ತಿಗೆ ಹೊಸ ಪಾಟಾ ಕೂತವು. ಕಾರನ್ನು ಸ್ಟ್ಯಾಂಡಿನಿಂದ ಇಳಿಸಿದಾಗ ಹಿಂಭಾಗ ಮುಂಭಾಗಕ್ಕೆ ಸರಿಸಮ ನಿಂತಿತು! ಟೇಪು ಹಿಡಿದು ನೋಡಿದೆ, ಒಂದು ಬೆರಳಿನ ಫರಕಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಮಾವ ಬಾಲ್ಕನಿಯಲ್ಲಿ ನಿಂತು, “ಚಲೋ ಕಾಣಸ್ತದ್ರಿ ಅಳಿಯಂದಿರ” ಎಂದರು. ಸುಮಿತ್ರಾ ಕೇಳದೆಯೇ ಚಹಾ ತಂದುಕೊಟ್ಟು, ನನ್ನ ಹಣೆಯ ಮೇಲಿನ ಗ್ರೀಸನ್ನು ಸೆರಗಿನಿಂದ ಒರೆಸಿದಳು. ಹಾಗೆ ಒರೆಸಿ ಎಷ್ಟೋ ವರ್ಷವಾಗಿತ್ತು. ಆ ಸಂತೋಷದಲ್ಲಿ ಹಳೆಯ ಸ್ಪ್ರಿಂಗುಗಳನ್ನು ಅಂದೇ ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ಕೊಟ್ಟುಬಿಟ್ಟೆ. ಅವನು ಅವನ್ನು ಕೈಗಾಡಿಗೆ ಹಾಕಿಕೊಂಡು, ನಾನು ಮನಸ್ಸು ಬದಲಿಸಬಹುದೆಂಬ ಭಯದಿಂದಲೋ ಏನೋ, ಓಡಿದ ಹಾಗೆ ಹೋದ.

ಶುಕ್ರವಾರ ಮುಂದಿನ ಶಾಕಪ್. ಈಗ ಕೈ ಪಳಗಿತ್ತು, ಒಂದೇ ದಿನದಲ್ಲಿ ಎರಡನ್ನೂ ಹಾಕಿ ಮುಗಿಸಿದೆ. ಜಾಧವ ಕಾಕಾ ಎದ್ದು ಬಂದು, ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ಗಾಲಿಯ ಹಿಂದೆ ನೋಡಿದರು.

“ಇಂಜಿನಿಯರ್ ಸಾಹೇಬ್, ಬಾಣ ಖಾಲೀ ಆಹೇ.”

ಬಾಣ ಕೆಳಗಿದೆ ಎನ್ನುತ್ತಿದ್ದರು. ನಾನೂ ಬಗ್ಗಿದೆ. ಶಾಕಪ್ಪಿನ ಮೈಮೇಲೆ ಒಂದು ಬಾಣದ ಗುರುತಿತ್ತು. ಯಾವ ತುದಿ ಮೇಲಿರಬೇಕು ಎಂದು ತಿಳಿಸುವ ಬಾಣ. ಅದು ನೆಟ್ಟಗೆ ಭೂಮಿಯನ್ನು ತೋರಿಸುತ್ತಿತ್ತು. ನಾನು ಲಕ್ಷಗಟ್ಟಲೆ ಪೆಟ್ಟಿಗೆಗಳ ಮೇಲೆ ಮೇಲ್ಮುಖದ ಬಾಣ ಅಂಟಿಸಿದವನು. ಜಗತ್ತಿನಲ್ಲಿ ನನಗೆ ಖಚಿತವಾಗಿ ಗೊತ್ತಿದ್ದ ಒಂದೇ ಒಂದು ವಿಷಯದಲ್ಲಿ ನಾನು ತಪ್ಪಿದ್ದೆ. ಎರಡನ್ನೂ ಬಿಚ್ಚಿ, ತಲೆ ಮೇಲೆ ಮಾಡಿ, ಮತ್ತೆ ಹಾಕಿ ಮಲಗುವ ಮುಂಚೆ ಎರಡೂ ಕೈಗೆ ನೋವಿನೆಣ್ಣೆ ಹಚ್ಚಿಕೊಂಡೆ.

ಶನಿವಾರ ಬಂತು. ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿ ಕೆಳಗಿಳಿದೆ. ಕಾರು ಬೇರೆಯೇ ಭಂಗಿಯಲ್ಲಿ ನಿಂತಿತ್ತು. ಹಿಂಭಾಗ ನಾಲ್ಕು ಬೆರಳು ಮೇಲೆ, ಮೂತಿ ಕೆಳಗೆ. ನಮಸ್ಕಾರ ಹಾಕುವವರ ಹಾಗೆ. ನನಗೆ ಒಂದು ಕ್ಷಣ ಗಲಿಬಿಲಿಯಾಯಿತು. ಆದರೆ ಇಪ್ಪತ್ತೆರಡು ವರ್ಷದ ಅಭ್ಯಾಸ, ವಿವರಣೆ ತಾನಾಗಿ ಬಾಯಿಗೆ ಬಂತು.

“ಹೊಸಾ ಉಕ್ಕು ಮಾವಾರ. ಒಂದು ದಿನ ಬಿಟ್ರ ಅರಳತದ್ರಿ.”

“ಉಕ್ಕು ಅರಳತದ?” ಮಾವ ಅನುಮಾನದಿಂದ ಕಾರಿನ ಹಿಂಭಾಗ ನೋಡಿ, ಅತ್ತೆಯ ಹಾಸಿನ ಮೇಲೆ ಮೆಲ್ಲಗೆ ಕೂತರು. ಇಂಜಿನಿಯರನೇ ಓಡಿಸಲಿ ಎಂದು ಸುಮಿತ್ರಾ ಸ್ಟಿಯರಿಂಗ್ ನನಗೆ ಬಿಟ್ಟುಕೊಟ್ಟು ಹಿಂದೆ ಕೂತಳು.

ಸೊಸೈಟಿಯ ಗೇಟಿನಲ್ಲೇ ಒಂದು ಚಿಕ್ಕ ಉಬ್ಬು ಇದೆ. ಸೈಕಲ್ಲಿನವರು ಅದನ್ನು ಗಮನಿಸುವುದೂ ಇಲ್ಲ. ಅದರ ಮೇಲೆ ಹಿಂದಿನ ಗಾಲಿ ಹತ್ತಿದಾಗ ನಾವು ಮೂವರೂ ಸೀಟು ಬಿಟ್ಟೆವು. ಮಾವನ ಟೊಪ್ಪಿಗೆ ಕಾರಿನ ಚಾವಣಿಗೆ ತಾಗಿ, ವಾಪಸು ಬರುವಾಗ ಹಿಂದೆ ಸುಮಿತ್ರಾಳ ತೊಡೆಯ ಮೇಲೆ ಬಿತ್ತು.

“ಒಂದು,” ಎಂದರು ಮಾವ.

ರಸ್ತೆಗೆ ಬಂದೆವು. ಎರಡು, ಮೂರು. ಮೊದಲು ಕಾರು ತಗ್ಗಿಗೆ ಬಿದ್ದು ಧಡ್ ಎನ್ನುತ್ತಿತ್ತು. ಈಗ ತಗ್ಗಿನಿಂದ ಎದ್ದು ಹಾರುತ್ತಿತ್ತು. ಹುರಿದ ಶೇಂಗಾದ ಅಂಗಡಿಯೆದುರು ನಾನು ವೇಗ ತಗ್ಗಿಸಿದೆ, ನಾಲ್ಕು ಬಿತ್ತು. ವೇಗ ಹೆಚ್ಚಿಸಿದೆ, ಐದು ಮತ್ತು ಆರು ಒಟ್ಟಿಗೇ ಬಿದ್ದವು. ಪಕ್ಕದಲ್ಲಿ ಬರುತ್ತಿದ್ದ ರಿಕ್ಷಾದವನು ನಮ್ಮ ಹಿಂಭಾಗ ನೋಡುತ್ತ ನೋಡುತ್ತ ಎದುರಿನ ಸಿಗ್ನಲ್ ಮರೆತ. ಮಾವನ ದನಿ ಸಣ್ಣದಾಗುತ್ತ ಹೋಯಿತು. ಒಂಬತ್ತನ್ನು ಅವರು ಹೇಳಲಿಲ್ಲ, ಬರೀ ಬೆರಳು ಮಡಚಿದರು. ಖಡಕಿಯ ದಾರಿಯಲ್ಲಿ ಮೊದಲು ಸಿಗುವ ಸ್ವಾರಗೇಟ್ ಕೂಡ ಇನ್ನೂ ದೂರವಿತ್ತು.

“ಹನ್ನೊಂದು,” ಎಂದವರೇ, “ತಿರಗಸ್ರಿ ಗಾಡಿ. ಸಾಕು” ಎಂದರು.

ಕನ್ನಡಿಯಲ್ಲಿ ಸುಮಿತ್ರಾಳ ಮುಖ ಕಂಡಿತು. ಅವಳು ಮಾವನ ಟೊಪ್ಪಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ನೋಡುತ್ತಿದ್ದಳು. ಆ ವಾಪಸು ದಾರಿಯಷ್ಟು ಉದ್ದದ ದಾರಿಯಲ್ಲಿ ನಾನು ಎಂದೂ ಗಾಡಿ ಓಡಿಸಿಲ್ಲ. ಸುಳ್ಳು ಇಂಜಿನಿಯರನೊಬ್ಬ ನನ್ನ ಮನೆಯಲ್ಲಿ ಇಷ್ಟು ವರ್ಷ ಉಂಡು ತಿಂದು, ಕೊನೆಗೆ ಅತ್ತೆ ಕೂತ ಕಾರಿನಲ್ಲಿ ಹೂವಿನ ಗಿಡ ಹಚ್ಚಿ ಹೋಗುವವನಿದ್ದ.

ಪಾರ್ಕಿಂಗಿಗೆ ಬಂದು ಮಾವನನ್ನು ಕೈಹಿಡಿದು ಇಳಿಸುತ್ತಿದ್ದೆವು. ಜಾಧವ ಕಾಕಾ ಕುರ್ಚಿಯಿಂದ ಎದ್ದು ಬಂದು ಕಾರಿನ ಹಿಂದೆ ನಿಂತರು.

“ಕಾಲಪರ್ಯಂತ್ ಬರೋಬರ್ ಹೋತೀ ಕೀ. ಪೋತೀ ಕಾ ಕಾಢಲೀ?”

ನಿನ್ನೆಯ ತನಕ ಸರಿಯಾಗಿತ್ತಲ್ಲ, ಚೀಲ ಏಕೆ ತೆಗೆದಿರಿ ಎಂದು ಕೇಳುತ್ತಿದ್ದರು.

“ಯಾವ ಚೀಲ?” ಎಂದೆ ನಾನು.

“ಯಾವ ಚೀಲ?” ಎಂದರು ಮಾವ.

ಸುಮಿತ್ರಾ ಒಮ್ಮೆ ಅಪ್ಪನನ್ನು, ಒಮ್ಮೆ ನನ್ನನ್ನು ನೋಡಿದಳು. “ಜೋಳದ ಚೀಲ. ಅಪ್ಪ ಕೂಡತಾನ, ಗಾಡಿಗೆ ಭಾರ ಆಗಬಾರದಂತ ಮುಂಜಾನೆ ವಾಚ್‌ಮನ್ ಕಡಿಂದ ಇಳಿಸಿದೆ.”

ನಮ್ಮ ಕಡೆಯವರಿಗೆ ಪುಣೆಯ ಅಂಗಡಿಯ ಹಿಟ್ಟಿನ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಇಂಡಿ ತಾಲೂಕಿನ ಕಡೆಯಿಂದ ವರ್ಷದ ಜೋಳ ಟೆಂಪೋದಲ್ಲಿ ಬರುತ್ತದೆ. ಬರುತ್ತದೆ ಎಂಬುದು ನನಗೆ ಗೊತ್ತಿತ್ತು. ಬಂದದ್ದು ಎಲ್ಲಿರುತ್ತದೆ ಎಂದು ನಾನು ಎಂದೂ ಕೇಳಿದವನಲ್ಲ. ನನಗೆ ಗೊತ್ತಿದ್ದ ಹಾಗೆ ಜೋಳ ಇರುವುದು ತಾಟಿನಲ್ಲಿ, ರೊಟ್ಟಿಯ ರೂಪದಲ್ಲಿ.

“ಡಿಕ್ಕ್ಯಾಗ ಜೋಳ ಇತ್ತು?”

“ಎರಡು ಚೀಲ ಜೋಳ, ಒಂದು ಚೀಲ ಗೋಧಿ. ಮತ್ತ ಅರ್ಧ ಚೀಲ ಶೇಂಗಾ.”

“ಯಾವಾಗಿಂದ?”

“ಹೋಳಿ ಆದಮ್ಯಾಲೆ. ಮತ್ತೆಲ್ಲಿ ಇಡಲ್ರಿ? ಬಾಲ್ಕನ್ಯಾಗ ಜೋಳ ಇಡೂ ಜಾಗಾದಾಗ ನೀವು ವ್ಯಾಯಾಮದ ಸೈಕಲ್ ತಂದಿಟ್ರಿ. ಅಪ್ಪಗ ಗೊತ್ತಾದ್ರ ನನ್ನ ಕಾರು ಗೋದಾಮು ಮಾಡಿದಿ ಅಂತ ಬೈತಾನಂತ, ಅಂವ ಮಲಗಿದ್ದಾಗ ಇಳಸಕೋತಿದ್ದೆ.”

ಆ ಸೈಕಲ್ಲಿನ ಮೇಲೆ ನಾನು ಕೂತದ್ದು ನಾಲ್ಕು ದಿನ. ಈಗ ಅದರ ಮೇಲೆ ಟವೆಲ್ ಒಣಗುತ್ತವೆ.

ಗಾಡಿಯನ್ನು ಕುಸಿಸಿದ್ದು ಜೋಳ. ಮಾವನ ಬೆನ್ನಿಗೆ ಹೊಡೆದದ್ದು ಜೋಳ. ಜ್ಯಾಕಿಗೆ ಏಳದ ‘ಆಗಿನ ಕಾಲದ ಲೋಹ’ವೂ ಜೋಳವೇ. ನಾನು ನಾಲ್ಕು ದಿನ ಹಗಲೆಲ್ಲ ಬೆವರು ಸುರಿಸಿ ಮಾವನ ಕಾರಿಗೆ ಅಲ್ಲ, ಒಂದೂವರೆ ಕ್ವಿಂಟಲ್ ಮೀರಿದ ದವಸಕ್ಕೆ ಅಳತೆ ತೆಗೆದು ಸ್ಪ್ರಿಂಗ್ ಹೊಲಿಸಿದ್ದೆ.

“ನಿಮಗೆ ಗೊತ್ತಿತ್ತೇ?” ಎಂದು ಜಾಧವ ಕಾಕಾ ಅವರನ್ನು ಮರಾಠಿಯಲ್ಲಿ ಕೇಳಿದೆ. ಅವರಿಗೆ ಆಶ್ಚರ್ಯವಾಯಿತು. ಪಾರ್ಕಿಂಗಿನಲ್ಲಿ ಎಲ್ಲರಿಗೂ ಗೊತ್ತಿತ್ತಂತೆ. ಇಂಜಿನಿಯರ್ ಸಾಹೇಬರು ಚೀಲ ಹೊರುವುದಕ್ಕಾಗಿಯೇ ಭಾರದ ಸ್ಪ್ರಿಂಗ್ ಹಾಕುತ್ತಿದ್ದಾರೆ, ಲೆಕ್ಕ ಭಾರಿ ಕರಾರುವಾಕ್ಕಾಗಿದೆ ಎಂದು ಅವರು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದರಂತೆ. ಮಾತಿಗೆ ಮಾತು ಬಂದಾಗ ಇನ್ನೊಂದು ವಿಷಯ ಹೊರಬಿತ್ತು. ಅವರು ಮೂವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬಸ್ಸಿನ ಪಾಟಾ ಬದಲಿಸುವುದೇ ಅವರ ಕೆಲಸ. ಮೊದಲೇ ಹೇಳಬಾರದಿತ್ತೇ ಎಂದರೆ, “ತುಮ್ಹೀ ವಿಚಾರಲಂಚ್ ನಾಹೀ” ಎಂದರು. ನೀವು ಕೇಳಲೇ ಇಲ್ಲವಲ್ಲ!

ಚೀಲಗಳನ್ನು ಮತ್ತೆ ಡಿಕ್ಕಿಗೆ ಏರಿಸಿದೆವು. ಈ ಸಲ ಹೊತ್ತದ್ದು ನಾನು, ಅದು ನ್ಯಾಯವೂ ಆಗಿತ್ತು. ಒಂದೊಂದು ಚೀಲಕ್ಕೂ ಕಾರು ಒಂದೊಂದು ಬೆರಳು ಇಳಿದು, ಶೇಂಗಾದ ಚೀಲ ಕೂಡುವ ಹೊತ್ತಿಗೆ ಸರಿಸಮ ನಿಂತಿತು. ಸುಮಿತ್ರಾ ತಾನೇ ಸ್ಟಿಯರಿಂಗಿಗೆ ಕೂತು, “ಅಪ್ಪಾ, ಇನ್ನೊಂದ್ ಸಲ” ಎಂದಳು. ಮಾವ ಇಲ್ಲವೆನ್ನಲಿಲ್ಲ. ಖಡಕಿಗೆ ಹೋಗಿ, ಚಹಾ ಕುಡಿದು, ಮನೆಗೆ ವಾಪಸು ಬರುವ ತನಕ ಅವರ ಎಣಿಕೆ ಏಳಕ್ಕೆ ನಿಂತಿತ್ತು. ಅದರಲ್ಲಿ ಎರಡು ನಮ್ಮ ಗೇಟಿನ ಉಬ್ಬಿನವು.

ರಿಸಾರ್ಟಿನವನಿಗೆ ಫೋನು ಮಾಡಿ ಬರಬೇಡವೆಂದರು. ಫೋನು ಇಟ್ಟವರೇ ಗುಮಾಸ್ತರ ದನಿಯಲ್ಲಿ ಕೇಳಿದರು:

“ಅಳಿಯಂದಿರ, ನನಗೊಂದು ತಿಳೀಲಿಲ್ಲ. ಜೋಳ ತಗದು, ಹಳೇ ಸ್ಪ್ರಿಂಗ್ ಹಂಗ ಬಿಟ್ಟಿದ್ರ?”

ನಾನು ಆಕಾಶ ನೋಡಿದೆ. ಮನೆಯೊಳಗೆ ಆಕಾಶ ಇರುವುದಿಲ್ಲ, ಫ್ಯಾನು ಕಂಡಿತು.

“ಹೋಗ್ಲಿ ಬಿಡ್ರಿ,” ಎಂದರು ಮಾವ. ಆ ‘ಹೋಗ್ಲಿ ಬಿಡ್ರಿ’ಯಲ್ಲಿ ಬೈಗುಳವಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

ಅವರು ಎದ್ದು ಹೋದ ಮೇಲೆ ನಾನು ಸುಮಿತ್ರಾಳ ಹತ್ತಿರ ಹೋಗಿ ಒಪ್ಪಿಕೊಂಡುಬಿಟ್ಟೆ. ನಾನು ಇಂಜಿನಿಯರ್ ಅಲ್ಲ, ಡಿಸ್ಪ್ಯಾಚಿನಲ್ಲಿ ಚೀಟಿ ಅಂಟಿಸುವವನು, ಇಷ್ಟು ವರ್ಷ ಮುಚ್ಚಿಟ್ಟಿದ್ದೆ ಎಂದೆ. ಅವಳು ಬಟ್ಟೆ ಮಡಚುತ್ತಿದ್ದವಳು ಕಪಾಟು ತೆರೆದು, ಒಂದು ಹಳೆಯ ಬಿಸ್ಕೀಟಿನ ಡಬ್ಬಿ ತಂದು ನನ್ನ ಮುಂದೆ ಇಟ್ಟಳು. ಅದರ ತುಂಬ ಕೆಂಪು ಬಾಣದ ಚೀಟಿಗಳು.

“ಲಗ್ನ ಆದ ಎರಡನೇ ವಾರದಿಂದ ಒಗ್ಯಾಣಕ್ಕ ಹಾಕೂ ನಿಮ್ಮ ಅಂಗಿಗೆ ಅಂಟಕೊಂಡು ಬರ್ತಾವು. ಬೆನ್ನಿಗೊಂದು, ತೋಳಿಗೊಂದು. ನನಗ ತಿಳಿಯೂದಿಲ್ಲೇನ್ರಿ?”

“ಮತ್ತ ಯಾಕ ಹೇಳಲಿಲ್ಲ?”

“ನೀವು ಕೇಳಲಿಲ್ಲ.”

“ಮಾವಾರಿಗೂ ಗೊತ್ತೇನು?”

“ಅಪ್ಪನ ಡಬ್ಬಿ ಬ್ಯಾರೆ ಅದ.”

ಇದೆಲ್ಲ ಆಗಿ ಆರು ತಿಂಗಳಾಯಿತು. ಹಳೆಯ ಸ್ಪ್ರಿಂಗುಗಳು ಎಲ್ಲಿ ಕರಗಿ ಏನಾದವೋ ಗೊತ್ತಿಲ್ಲ. ಹೊಸವನ್ನು ತೆಗೆದು ಸರಿಯಾದವನ್ನು ಹಾಕಿಕೊಡುತ್ತೇನೆಂದು ಜಾಧವ ಕಾಕಾ ಹೇಳಿದರು, ಆದರೆ ಮಾವ ಒಪ್ಪಲಿಲ್ಲ. ಜೋಳಕ್ಕೆ ಜಾಗವೂ ಆಯಿತು, ಬೆನ್ನಿಗೆ ಆರಾಮವೂ ಆಯಿತು ಎಂಬುದು ಅವರ ವಾದ. ಒಂದೇ ಒಂದು ತೊಡಕು. ನಾವು ದಿನಾ ರೊಟ್ಟಿ ತಿನ್ನುತ್ತೇವೆ. ತಿಂದಷ್ಟೂ ಚೀಲ ಇಳಿಯುತ್ತದೆ, ಚೀಲ ಇಳಿದಷ್ಟೂ ಕಾರು ಏಳುತ್ತದೆ. ಮಾವ ಖಡಕಿಯಿಂದ ಬಂದು, “ಎಂಟಾತು ನೋಡವ್ವಾ ಇವತ್ತು” ಎಂದರೆ, ಒಂದು ಚೀಲ ಮುಗಿಯುತ್ತ ಬಂತೆಂದು ಸುಮಿತ್ರಾಳಿಗೆ ತಿಳಿಯುತ್ತದೆ.

ಈಗ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿದೆ. ಹೊಸ ಜೋಳ ಬರುವುದು ಮುಂದಿನ ಸುಗ್ಗಿಗೆ. ಅಲ್ಲಿಯವರೆಗೆ ಎಣಿಕೆ ಹನ್ನೊಂದಕ್ಕೆ ಮುಟ್ಟಬಾರದಲ್ಲ. ಅದಕ್ಕೆ ಪ್ರತಿ ಶನಿವಾರ ಸುಮಿತ್ರಾ ಗಾಡಿ ಓಡಿಸುತ್ತಾಳೆ, ಮಾವ ಅತ್ತೆಯ ಹಾಸಿನ ಮೇಲೆ ಕೂಡುತ್ತಾರೆ, ಮುಗಿದ ಚೀಲದ ಬದಲಿಗೆ ನಾನು ಹಿಂದಿನ ಸೀಟಿನ ನಟ್ಟನಡುವೆ ಕೂಡುತ್ತೇನೆ. ನನ್ನ ತೂಕ ಎಂಬತ್ತೆರಡು ಕಿಲೋ. ಅಲುಗಾಡಬಾರದೆಂದು ಅಪ್ಪಣೆಯಾಗಿದೆ.

ಕಳೆದ ಶನಿವಾರ ಹೊರಡುವ ಮುಂಚೆ ಸುಮಿತ್ರಾ ಡಬ್ಬಿಯಿಂದ ಒಂದು ಕೆಂಪು ಚೀಟಿ ತಂದು ನನ್ನ ಅಂಗಿಯ ಎದೆಗೆ ಅಂಟಿಸಿದಳು. ಬಾಣ ಮೇಲ್ಮುಖವಾಗಿದೆಯೇ ಎಂದು ನಾನೇ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡೆ. ಅಷ್ಟು ಕೆಲಸ ನನಗೆ ಬರುತ್ತದೆ.